ಹಳದಿ ಕೊಕ್ಕಿನ ನಮ್ಮ ಗಿಳಿ

ಬೇಲೂರಿನ ಶುಕಭಾಷಿಣಿಯನ್ನು ನೋಡಿದಾಗಲೆಲ್ಲ ನನಗೊಂದು ತರಲೆ ಪ್ರಶ್ನೆ: ಅವಳ ಜೊತೆಗಿರೋದು ಯಾವ ಜಾತಿ ಗಿಳಿ? ಕಲ್ಲಿಗೆ ಬಣ್ಣ ಇಲ್ಲವಲ್ಲ!

ಚಿಕ್ಕಂದಿನಲ್ಲಿ ಕಂಪಲಾಪುರದ ನಮ್ಮನೆಗೆ ಒಂದು ಪುಟ್ಟ ಗಿಳಿ ಬಂತು. ಹಳದಿ ಕೊಕ್ಕು, ಬಾಲದ ತುದಿ ಬಿಳಿ. ಮಾತೂ ಕಲಿಯಲಿಲ್ಲ. "ಮೋಸ ಹೋದ್ವಿ ಕಣ್ರೋ, ಇದು ಗಿಳಿನೇ ಅಲ್ಲ" ಅಂದಿದ್ದರು ಅಜ್ಜಿ.

ಅದು ಕೆಂದಲೆ ಗಿಳಿ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಲಿನೇಯಸ್ 1766ರಲ್ಲೇ ಇದಕ್ಕೆ ವೈಜ್ಞಾನಿಕ ಹೆಸರಿಟ್ಟಿದ್ದ, ಮಾಮೂಲಿ ಗಿಳಿಗಿಂತ ಮೂರು ವರ್ಷ ಮೊದಲೇ. ಆ ಹೆಸರಿನ ಅರ್ಥ ಮಾತ್ರ 'ನೀಲಿ ತಲೆ' :)

ಮರಿಗಳ ತಲೆ ಹಸಿರು. ಗಂಡಿಗೆ ಆ ಕೆಂಪು ಬರೋಕೆ ಎರಡು ವರ್ಷವಾದರೂ ಬೇಕು. ನಮ್ಮದು ಅಷ್ಟು ದಿನ ಬದುಕಲಿಲ್ಲ.

1972ರ ವನ್ಯಜೀವಿ ಕಾಯ್ದೆಯಡಿ ಈಗ ಇವನ್ನು ಸಾಕುವಂತಿಲ್ಲ. ಮೊನ್ನೆ ಊರಾಚೆ ಹೊಲದ ಮೇಲೆ 'ಟೂಯಿ?' ಅಂತ ಒಂದು ಹಿಂಡು ಹಾದುಹೋಯಿತು...