ತೇವ ಬೇರೆ, ಒದ್ದೆ ಬೇರೆ

ಕಳೆದ ಮಳೆಗಾಲದಲ್ಲಿ ನಮ್ಮ ಬಚ್ಚಲುಮನೆಯ ಸೂರಿನ ಎಲ್‌ಇಡಿ ದೀಪ ಕೆಟ್ಟಿತು. ಎರಡು ವರ್ಷದಲ್ಲಿ ಅದು ಮೂರನೆಯದು. ಬಿಚ್ಚಿದರೆ ಬಿಳಿ ಮುಚ್ಚಳದೊಳಗೆ ಒಂದು ಚಮಚದಷ್ಟು ನೀರು, ಅದರಲ್ಲಿ ಸತ್ತ ಹುಳುಗಳು. ದೀಪಕ್ಕೆ ಯಾರೂ ನೀರು ಎರಚಿರಲಿಲ್ಲ. ರಿಪೇರಿಗೆ ಬಂದ ಹುಡುಗ ಹಳೆಯ ಡಬ್ಬಿಯನ್ನು ತಿರುಗಿಸಿ, ಮೂಲೆಯಲ್ಲಿದ್ದ ‘ಐಪಿ 20’ ಎಂಬ ಸಣ್ಣ ಅಕ್ಷರಗಳನ್ನು ತೋರಿಸಿದ. ‘ಇದು ಹಾಲ್‌ಗೆ ಹಾಕೋ ಲೈಟು ಸಾರ್. ಬಚ್ಚಲಿಗೆ ಬೇರೆ ಬರುತ್ತೆ.’

ಕನ್ನಡದಲ್ಲಿ ನೀರಿನ ಸೋಂಕಿಗೆ ಎಷ್ಟೊಂದು ಮಾತುಗಳಿವೆ! ಪಸೆ, ತೇವ, ಹಸಿ, ಒದ್ದೆ, ತೊಪ್ಪೆ. ಮಳೆಗಾಲದ ಗೋಡೆ ತೇವ, ಹಿಂಡದ ಬಟ್ಟೆ ಒದ್ದೆ. ಯಾವುದನ್ನು ಎಲ್ಲಿ ಬಳಸಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ವಿದ್ಯುತ್ ದೀಪದ ಲೋಕ ಮಾತ್ರ ಈ ವ್ಯತ್ಯಾಸವನ್ನು ಕಲಿಯಲು ಹಲವು ದಶಕಗಳನ್ನು ತೆಗೆದುಕೊಂಡಿತು.

ಎಣ್ಣೆಯ ದೀಪಕ್ಕೆ ಈ ಪಾಡು ಇರಲಿಲ್ಲ. ಬಚ್ಚಲಿನ ಗೂಡಿನಲ್ಲಿಟ್ಟ ಬುಡ್ಡಿಯ ಮೇಲೆ ನೀರು ಬಿದ್ದರೆ ದೀಪ ಆರುತ್ತಿತ್ತು, ಅಷ್ಟೆ. ಕತ್ತಲಲ್ಲಿ ಕಡ್ಡಿಪೆಟ್ಟಿಗೆ ಹುಡುಕಿದರೆ ಮುಗಿಯಿತು. ವಿದ್ಯುತ್ ಬಂದ ಮೇಲೆ ಲೆಕ್ಕ ತಿರುಗಿತು. ಈಗ ನೀರು ದೀಪವನ್ನು ಆರಿಸದೆಯೂ ಇರಬಹುದು, ಆದರೆ ದೀಪದಲ್ಲಿರುವುದನ್ನು ನಮ್ಮ ಮೈಗೆ ತಲುಪಿಸಬಹುದು.

ಮೊದಮೊದಲು ಜನ ಹೆದರಿದ್ದು ನೀರಿಗಲ್ಲ, ಬೆಂಕಿಗೆ. 1881ರ ಡಿಸೆಂಬರ್ 28ರಂದು ಲಂಡನ್ನಿನ ಸವಾಯ್ ನಾಟಕಶಾಲೆಯಲ್ಲಿ ಅದರ ಒಡೆಯ ರಿಚರ್ಡ್ ಡಾಯ್ಲಿ ಕಾರ್ಟ್ ರಂಗದ ಮೇಲೆ ಬಂದು, ಉರಿಯುತ್ತಿದ್ದ ಬಲ್ಬಿಗೆ ತೆಳು ಬಟ್ಟೆ ಸುತ್ತಿ ಅದನ್ನು ಒಡೆದು ತೋರಿಸಿದ. ದೀಪ ಆರಿತು, ಬಟ್ಟೆ ಸುಡಲಿಲ್ಲ. ಪ್ರೇಕ್ಷಕರು ಚಪ್ಪಾಳೆ ತಟ್ಟಿದರು. ಅಮೆರಿಕದಲ್ಲಿಯೂ ಮೊದಲು ಎಚ್ಚೆತ್ತವರು ಬೆಂಕಿ ವಿಮೆಯವರು. 1893ರ ಷಿಕಾಗೋ ವಿಶ್ವ ಮೇಳದ ಸಾವಿರಾರು ದೀಪಗಳ ತಂತಿಗಳನ್ನು ಪರೀಕ್ಷಿಸಲು ಬಂದಿದ್ದ ತರುಣ ಇಂಜಿನಿಯರ್ ವಿಲಿಯಂ ಹೆನ್ರಿ ಮೆರಿಲ್, ಮರುವರ್ಷವೇ ಅಲ್ಲೊಂದು ಪರೀಕ್ಷಾಲಯ ತೆರೆದ. ಇಂದು ಅನೇಕ ಸಾಮಾನುಗಳ ಮೇಲೆ ಕಾಣುವ ‘ಯುಎಲ್’ ಮುದ್ರೆಯ ಮೂಲ ಅದು. 1897ರಲ್ಲಿ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆ ಹೊರಬಂತು.

ನಮ್ಮಲ್ಲಿ ಕತೆ ನೀರಿನಿಂದಲೇ ಶುರುವಾಗುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ನೀರಿನಿಂದ ಬಂದ ಬೆಳಕನ್ನು ನೀರಿನಿಂದ ಕಾಯಬೇಕಾದ ವಿಚಿತ್ರ ಮನೆಮನೆಗೂ ಬಂದದ್ದು ಹೀಗೆ.

ಮನುಷ್ಯನ ಮೈ ಎಷ್ಟು ವಿದ್ಯುತ್ತನ್ನು ತಡೆದೀತು ಎಂಬುದನ್ನು ಅಳೆದು ನೋಡಿದವರಲ್ಲಿ ಮುಖ್ಯನಾದವನು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್. ಕೈಯಲ್ಲಿ ಹಿಡಿದ ತಂತಿಯನ್ನು ತಾನಾಗಿ ಬಿಡಲು ಆಗುವ ಮಿತಿ ಯಾವುದು ಎಂದು ಆತ ಸ್ವಯಂಸೇವಕರ ಮೇಲೆ ಪ್ರಯೋಗ ಮಾಡಿದ. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಅದಕ್ಕೂ ಕಡಿಮೆ, ಸುಮಾರು 10.5. ಒಂದು 9 ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವ ಕರೆಂಟಿನ ಅರ್ಧವೂ ಅಲ್ಲ! ಅದನ್ನು ದಾಟಿದರೆ ಸ್ನಾಯುಗಳು ಬಿಗಿದು, ಬಿಡಬೇಕೆಂದರೂ ಕೈ ಬಿಡುವುದಿಲ್ಲ. ಒಣ ಚರ್ಮ ಕರೆಂಟಿಗೆ ಒಂದಿಷ್ಟು ಅಡ್ಡಿ ಒಡ್ಡುತ್ತದೆ. ಒದ್ದೆ ಚರ್ಮ ಆ ಬಾಗಿಲನ್ನು ತೆರೆದುಬಿಡುತ್ತದೆ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವನಿಗೆ ಬಚ್ಚಲಿನಷ್ಟು ಅಪಾಯದ ಕೋಣೆ ಮನೆಯಲ್ಲಿ ಬೇರೊಂದಿಲ್ಲ.

1961ರಲ್ಲಿ ಡಾಲ್ಜಿಯಲ್ ಒಂದು ಉಪಕರಣ ಕಂಡುಹಿಡಿದ. ಹೋದ ಕರೆಂಟು ಪೂರ್ತಿ ವಾಪಸು ಬರದೆ ಎಲ್ಲಿಯೋ ಸೋರಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಂಪರ್ಕ ಕಡಿಯುವಂಥದ್ದು. ಇಂದು ನಮ್ಮ ಮನೆಗಳ ಮೀಟರು ಬೋರ್ಡಿನ ಬಳಿ ಕಾಣುವ, 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ಅಮೆರಿಕದ ಸಂಹಿತೆ 1975ರಲ್ಲಿ ಇಂಥ ರಕ್ಷಣೆಯನ್ನು ಬಚ್ಚಲುಮನೆಯ ಸಾಕೆಟ್ಟುಗಳಿಗೂ ಕಡ್ಡಾಯ ಮಾಡಿತು.

ಅದೇ ಸಂಹಿತೆ ಜಾಗಗಳನ್ನೂ ವಿಂಗಡಿಸುತ್ತದೆ. ಮಳೆ ನೇರವಾಗಿ ಬೀಳದ, ಆದರೆ ಗಾಳಿಯಲ್ಲಿ ಹಸಿ ಇರುವ ಜಾಗ ತೇವದ್ದು: ಮಾಡು ಇರುವ ಜಗಲಿ, ನೆಲಮಾಳಿಗೆ, ಆವಿ ತುಂಬುವ ಬಚ್ಚಲಿನ ಸೂರು. ನೀರು ನೇರವಾಗಿ ಬಡಿಯುವ, ನೆನೆಸುವ ಜಾಗ ಒದ್ದೆಯದ್ದು: ಬಯಲಿಗೆ ತೆರೆದ ಗೋಡೆ, ಶವರಿನ ನೀರು ಸಿಡಿಯುವ ತಾವು. ಒದ್ದೆಗೆ ಒಪ್ಪಿದ ದೀಪವನ್ನು ತೇವದಲ್ಲಿ ಹಾಕಬಹುದು. ತೇವಕ್ಕೆ ಒಪ್ಪಿದ್ದನ್ನು ಒದ್ದೆಯಲ್ಲಿ ಹಾಕುವಂತಿಲ್ಲ.

ಉಳಿದ ಲೋಕ, ನಾವೂ ಸೇರಿ, ಅಂಕಿಗಳ ದಾರಿ ಹಿಡಿಯಿತು. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1976ರಲ್ಲಿ ಪ್ರಕಟಿಸಿದ ‘ಐಪಿ’ ಸಂಕೇತದ ಮೊದಲ ಅಂಕಿ ಗಟ್ಟಿ ವಸ್ತುಗಳಿಗೆ, ಎರಡನೆಯದು ನೀರಿಗೆ. ನಮ್ಮ ಸತ್ತ ದೀಪದ ‘20’ ಎಂದರೆ ಬೆರಳು ಒಳಗೆ ಹೋಗದು, ನೀರಿನಿಂದ ಮಾತ್ರ ಯಾವ ಕಾಪೂ ಇಲ್ಲ. ‘44’ ಎಂದರೆ ಒಂದು ಮಿಲಿಮೀಟರ್ ದಪ್ಪದ ತಂತಿ ನುಗ್ಗದು, ಯಾವ ದಿಕ್ಕಿನಿಂದ ನೀರು ಸಿಡಿದರೂ ಕೆಡದು. ‘65’ಕ್ಕೆ ದೂಳೂ ಇಲ್ಲ, ನಿಮಿಷಕ್ಕೆ 12.5 ಲೀಟರಿನಂತೆ ಕೊಳವೆಯಿಂದ ಚಿಮ್ಮುವ ನೀರಿನ ಭಯವೂ ಇಲ್ಲ. ಎರಡನೆಯ ಅಂಕಿ 7 ಇದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಸರಿ. ಹಾಗೆಂದು ಮುಳುಗಿ ಬದುಕಿದ್ದು ಚಿಮ್ಮುವ ನೀರಿಗೂ ನಿಂತೀತು ಎನ್ನುವಂತಿಲ್ಲ, ಅವು ಬೇರೆ ಬೇರೆ ಪರೀಕ್ಷೆಗಳು. ಸ್ನಾನದ ಜಾಗದ ಮೇಲೆ 2.25 ಮೀಟರ್ ಎತ್ತರದವರೆಗೆ ಎರಡನೆಯ ಅಂಕಿ ಕನಿಷ್ಠ 4 ಇರಲಿ ಎನ್ನುತ್ತದೆ ಅಂತರರಾಷ್ಟ್ರೀಯ ನಿಯಮ.

ಎಲ್‌ಇಡಿ ಬಂದ ಮೇಲೆ ಈ ಅಂಕಿಗಳ ಬೆಲೆ ಇನ್ನಷ್ಟು ಹೆಚ್ಚಿತು. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿದ, ತೊಂಬತ್ತರ ದಶಕದಲ್ಲಿ ಜಪಾನಿನಲ್ಲಿ ಪ್ರಖರವಾದ ನೀಲಿ ಬಂತು, ಆ ನೀಲಿಯಿಂದ ಬಿಳಿ ಬೆಳಕು ಸಾಧ್ಯವಾಯಿತು. ಹಳೆಯ ಬಲ್ಬು ಗಾಜಿನೊಳಗಿನ ಕಾದ ತಂತಿ ಮಾತ್ರ, ತನ್ನ ಬಿಸಿಯಲ್ಲೇ ಪಸೆಯನ್ನು ಒಣಗಿಸಿಕೊಳ್ಳುತ್ತಿತ್ತು. ಎಲ್‌ಇಡಿ ದೀಪದ ಹೊಟ್ಟೆಯಲ್ಲಿ ಒಂದು ಪುಟ್ಟ ವಿದ್ಯುನ್ಮಾನ ಯಂತ್ರವೇ ಇರುತ್ತದೆ. ಹತ್ತಿದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ಆರಿಸಿದಾಗ ಕುಗ್ಗಿ ಹೊರಗಿನ ಹಸಿ ಗಾಳಿಯನ್ನು ಒಳಗೆಳೆಯುತ್ತದೆ. ದೀಪ ಹೀಗೆ ದಿನವೂ ಉಸಿರಾಡುತ್ತದೆ, ಒಳಗೆ ಬಂದ ಆವಿ ತಣಿದು ಹನಿಯಾಗುತ್ತದೆ. ನಮ್ಮ ಮುಚ್ಚಳದೊಳಗಿನ ಚಮಚ ನೀರು ಬಂದದ್ದು ಹೀಗೆಯೇ ಇರಬೇಕು. ಹನಿ ಕೂತ ಲೋಹ ತುಕ್ಕು ಹಿಡಿಯುತ್ತದೆ, ಕೆಲವೊಮ್ಮೆ ಕರೆಂಟು ಸೋರುತ್ತದೆ. ಮೂರು ಸಲ ನಾನು ಕಳೆದುಕೊಂಡದ್ದು ದುಡ್ಡು ಮಾತ್ರ, ಅದು ನನ್ನ ಅದೃಷ್ಟ.

ಈ ಬಾರಿ ಅಂಗಡಿಗೆ ಹೋದಾಗ ಎಷ್ಟು ವ್ಯಾಟು, ಬಿಳಿಯೋ ಹಳದಿಯೋ ಎಂದು ಹೇಳಲು ಸಿದ್ಧನಾಗಿದ್ದೆ. ಗಲ್ಲಾದ ಆಚೆಯ ಹಿರಿಯರು ಅದನ್ನೇನೂ ಕೇಳಲಿಲ್ಲ.

‘ಎಲ್ಲಿಗೆ ಹಾಕೋದು?’ ಎಂದರು.

‘ಬಚ್ಚಲಿಗೆ.’

‘ಶವರ್ ಇದೆಯಾ?’

ಇದೆ ಎಂದೆ. ಅವರು ಕೈಗೆತ್ತಿಕೊಂಡಿದ್ದ ಡಬ್ಬಿಯನ್ನು ಕೆಳಗಿಟ್ಟು, ಮೇಲಿನ ಅಟ್ಟದಿಂದ ಬೇರೊಂದನ್ನು ತೆಗೆದರು.