ಬೆವರಿನ ಉಪ್ಪು ಹೇಳಿದ ಕಾಯಿಲೆ

ಹಣೆಗೆ ಮುತ್ತಿಟ್ಟಾಗ ಉಪ್ಪು ರುಚಿಯಾದರೆ ಆ ಮಗು ಹೆಚ್ಚು ದಿನ ಬದುಕದು ಎಂಬ ಮಾತು ಹಿಂದೆ ಯುರೋಪಿನಲ್ಲಿತ್ತು. ಮಾಟ ತಗುಲಿದೆ ಎನ್ನುತ್ತಿದ್ದರು. ಮಾಟ ಸುಳ್ಳು, ಉಪ್ಪು ಮಾತ್ರ ನಿಜ.

ಆ ಕಾಯಿಲೆಗೆ ಈಗ ಸಿಸ್ಟಿಕ್ ಫೈಬ್ರೋಸಿಸ್ ಎನ್ನುತ್ತಾರೆ. ಶ್ವಾಸಕೋಶದಲ್ಲಿ ಅಂಟಿನಂಥ ಕಫ ಕಟ್ಟುತ್ತದೆ, ಮತ್ತೆ ಮತ್ತೆ ನ್ಯುಮೋನಿಯಾ ಬರುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. 1938ರಲ್ಲಿ ನ್ಯೂಯಾರ್ಕಿನ ವೈದ್ಯೆ ಡೊರೊಥಿ ಆಂಡರ್ಸನ್ ತೀರಿಹೋದ ಮಕ್ಕಳ ಶವಪರೀಕ್ಷೆಗಳನ್ನು ಕೂಡಿಸಿ ನೋಡಿ, ಇದು ಬೇರೆಯದೇ ಕಾಯಿಲೆ ಎಂದು ಬರೆದರು. 1948ರ ಬೇಸಿಗೆಯಲ್ಲಿ ಆ ನಗರದಲ್ಲಿ ಬಿಸಿಲು ವಿಪರೀತವಾಯಿತು. ಬಿಸಿಲಿಗೆ ಕುಸಿದು ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಈ ಕಾಯಿಲೆಯವರು ಎದ್ದು ಕಂಡರು. ಇದೇಕೆ ಎಂದು ಪಾಲ್ ಡಿ ಸಾಂಟ್ ಆಗ್ನೀಸ್ ಎಂಬ ವೈದ್ಯರು ಬೆವರನ್ನೇ ಪರೀಕ್ಷಿಸಿದರು. ಅದರಲ್ಲಿ ಉಪ್ಪಿನ ಅಂಶ ಬಹಳ ಹೆಚ್ಚು ಎಂದು 1953ರಲ್ಲಿ ವರದಿಯಾಯಿತು. ಅಜ್ಜಿಯರು ನಾಲಿಗೆಯಲ್ಲಿ ಕಂಡಿದ್ದು ಪ್ರಯೋಗಾಲಯಕ್ಕೆ ಬರಲು ಅಷ್ಟು ಕಾಲ ಹಿಡಿಯಿತು!

ಬೆವರು ಹುಟ್ಟುವಾಗ ನಮ್ಮೆಲ್ಲರದ್ದೂ ಉಪ್ಪುಪ್ಪೇ. ಚರ್ಮಕ್ಕೆ ಏರಿಬರುವ ಸಣ್ಣ ನಾಳದಲ್ಲಿ ದೇಹ ಆ ಉಪ್ಪಿನ ಬಹುಪಾಲನ್ನು ವಾಪಸ್ ಎಳೆದುಕೊಳ್ಳುತ್ತದೆ. ಈ ಮಕ್ಕಳಲ್ಲಿ ಅಲ್ಲೇ ತಡೆ. ಉಪ್ಪಿನ ಅರ್ಧಭಾಗವಾದ ಕ್ಲೋರೈಡ್ ನಾಳದ ಗೋಡೆ ದಾಟುತ್ತಿಲ್ಲ ಎಂದು 1983ರಲ್ಲಿ ತೋರಿಸಿದವರು ಅಮೆರಿಕದ ಪಾಲ್ ಕ್ವಿಂಟನ್. ಅವರಿಗೇ ಈ ಕಾಯಿಲೆ ಇತ್ತು. ತಮ್ಮ ಚರ್ಮದ ಬೆವರು ಗ್ರಂಥಿಗಳನ್ನೂ ಅವರು ಪರೀಕ್ಷೆಗೆ ಬಳಸಿದ್ದರು.

1989ರಲ್ಲಿ ಲ್ಯಾಪ್ ಚೀ ತ್ಸುಯಿ, ಜಾನ್ ರಿಯೋರ್ಡನ್, ಫ್ರಾನ್ಸಿಸ್ ಕಾಲಿನ್ಸ್ ಅವರ ತಂಡಗಳು ಇದರ ಜೀನನ್ನು 7ನೇ ವರ್ಣತಂತುವಿನಲ್ಲಿ ಪತ್ತೆಹಚ್ಚಿದವು. ಅದು ತಯಾರಿಸುವ ಪ್ರೋಟೀನಿನ ಹೆಸರು ಸಿಎಫ್‌ಟಿಆರ್. ಜೀವಕೋಶದ ಗೋಡೆಯಲ್ಲಿ ಕೂತು ಕ್ಲೋರೈಡನ್ನು ಹಾಯಿಸುವ ತೂಬು ಎನ್ನಿ. 1480 ಅಮೈನೋ ಆಮ್ಲಗಳ ಸರಪಳಿ ಅದು. ಯುರೋಪಿನವರಲ್ಲಿ ಹೆಚ್ಚಾಗಿ ಕಾಣುವ ದೋಷದಲ್ಲಿ 508ನೆಯ ಒಂದು ಕೊಂಡಿ ಮಾತ್ರ ಇಲ್ಲ. ಅಷ್ಟಕ್ಕೇ ತೂಬು ಸೊಟ್ಟಗಾಗುತ್ತದೆ, ಗೋಡೆ ತಲುಪುವ ಮೊದಲೇ ಜೀವಕೋಶ ಅದನ್ನು ಒಡೆದುಹಾಕುತ್ತದೆ. ಇನ್ನೊಂದು ಬಗೆಯ ದೋಷದಲ್ಲಿ ತೂಬು ಗೋಡೆಯಲ್ಲೇ ಕೂತಿರುತ್ತದೆ, ತೆರೆಯುವುದಿಲ್ಲ. ಅಂಥ ತೂಬನ್ನು ತೆರೆಸುವ ಐವಕಾಫ್ಟರ್ ಮಾತ್ರೆಗೆ ಅಮೆರಿಕ 2012ರಲ್ಲಿ ಒಪ್ಪಿಗೆ ಕೊಟ್ಟಿತು. 508ರ ದೋಷಕ್ಕೂ ಕೆಲಸ ಮಾಡುವ, ಮೂರು ಔಷಧ ಸೇರಿಸಿದ ಮಾತ್ರೆ 2019ರಲ್ಲಿ ಬಂತು. ಅಲ್ಲಿ ಅದರ ಬೆಲೆ ವರ್ಷಕ್ಕೆ 3 ಲಕ್ಷ ಡಾಲರಿಗೂ ಹೆಚ್ಚು. ಜೀನ್ ಹುಡುಕಿದಷ್ಟೇ ಕಷ್ಟದ ಕೆಲಸ ಮಾತ್ರೆಯನ್ನು ಬಡವರಿಗೆ ಮುಟ್ಟಿಸುವುದು ಎಂದು ನಮಗನಿಸುತ್ತದೆ.

ಇದು ಬಿಳಿಯರ ಕಾಯಿಲೆ ಎಂದು ನಮ್ಮ ದೇಶದಲ್ಲಿ ಬಹುಕಾಲ ನಂಬಿದ್ದರು. ಹುಡುಕದಿದ್ದರೆ ಕಾಣುವುದಾದರೂ ಹೇಗೆ? ಇಲ್ಲೂ ರೋಗಿಗಳಿದ್ದಾರೆ, ಆದರೆ 508ರ ದೋಷ ಇಲ್ಲಿ ಅಷ್ಟು ಸಾಮಾನ್ಯವಲ್ಲ, ಬೇರೆ ದೋಷಗಳೂ ಬಹಳ. ಕೆಟ್ಟ ಜೀನ್ ಅಪ್ಪ, ಅಮ್ಮ ಇಬ್ಬರಿಂದಲೂ ಬಂದರಷ್ಟೇ ಕಾಯಿಲೆ. ಸೊಸೆಯೊಬ್ಬಳನ್ನೇ ದೂರುವ ಮನೆಗಳು ಇದನ್ನು ತಿಳಿಯಬೇಕು. ಸೋದರಮಾವನ ಜೊತೆಗಿನಂಥ ಹತ್ತಿರದ ಸಂಬಂಧದ ಮದುವೆಯಲ್ಲಿ ಈ ಸಾಧ್ಯತೆ ಹೆಚ್ಚು.

ಮಗುವಿಗೆ ಪದೇಪದೇ ನ್ಯುಮೋನಿಯಾ, ಜಿಡ್ಡು ಜಿಡ್ಡಾದ ಮಲ, ಏರದ ತೂಕ, ಉಪ್ಪು ಬೆವರು ಇದ್ದರೆ ದೊಡ್ಡಾಸ್ಪತ್ರೆಯ ಮಕ್ಕಳ ವೈದ್ಯರಲ್ಲಿ ‘ಸ್ವೆಟ್ ಟೆಸ್ಟ್’ ಬಗ್ಗೆ ಕೇಳಿ. 1959ರಿಂದ ಇರುವ ಪರೀಕ್ಷೆ ಅದು. ತೋಳಿಗೆ ಔಷಧ ಹಚ್ಚಿ, ಸಣ್ಣ ಕರೆಂಟ್ ಹಾಯಿಸಿ ಬೆವರು ಬರಿಸುತ್ತಾರೆ. ಸೂಜಿ ಚುಚ್ಚುವುದಿಲ್ಲ.