7: ದಿ ಬೆಸ್ಟ್ ಆಫ್ ಸ್ಟ್ರೈಪರ್

7: ದಿ ಬೆಸ್ಟ್ ಆಫ್ ಸ್ಟ್ರೈಪರ್ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಕ್ರೈಸ್ತ ರಾಕ್ ವಾದ್ಯತಂಡವಾದ ಸ್ಟ್ರೈಪರ್‌ನ ಜನಪ್ರಿಯ ಗೀತೆಗಳ ಸಂಕಲನ. ಹಾಲಿವುಡ್ ರೆಕಾರ್ಡ್ಸ್ ಸಂಸ್ಥೆಯು ಇದನ್ನು 2003ರಲ್ಲಿ ಬಿಡುಗಡೆ ಮಾಡಿತು. ತಂಡದ ಹಳೆಯ ಗೀತೆಗಳೊಂದಿಗೆ 'ಸಮ್‌ಥಿಂಗ್' ಮತ್ತು 'ಫಾರ್ ಯೂ' ಎಂಬ ಎರಡು ಹೊಸ ಗೀತೆಗಳು ಇದರಲ್ಲಿವೆ. ಬಹುಕಾಲ ಬೇರ್ಪಟ್ಟಿದ್ದ ತಂಡ ಮತ್ತೆ ಒಂದುಗೂಡಿದ ಸಂದರ್ಭದಲ್ಲಿ ಪ್ರಕಟವಾದುದರಿಂದ ಈ ಸಂಕಲನಕ್ಕೆ ತಂಡದ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಇದರ ಬಗ್ಗೆ ಕೇಳುಗರಲ್ಲಿರುವ ಅಭಿಪ್ರಾಯಭೇದವು ತಂಡದ ಕುರಿತು ಮೊದಲಿನಿಂದಲೂ ಇದ್ದ ಅಭಿಪ್ರಾಯಭೇದದ ಮುಂದುವರಿಕೆಯೇ ಆಗಿದೆ.

ಹಿನ್ನೆಲೆ

ಸ್ಟ್ರೈಪರ್ ತಂಡವು ಕ್ಯಾಲಿಫೋರ್ನಿಯಾ ರಾಜ್ಯದ ಆರೆಂಜ್ ಕೌಂಟಿಯಲ್ಲಿ 1983ರಲ್ಲಿ ರೂಪುಗೊಂಡಿತು. ಅದಕ್ಕೂ ಮೊದಲು ಅದರ ಹೆಸರು 'ರಾಕ್ಸ್ ರೆಜೀಮ್' ಎಂದಿತ್ತು. ಗಾಯಕ ಹಾಗೂ ಗಿಟಾರ್ ವಾದಕ ಮೈಕೆಲ್ ಸ್ವೀಟ್, ಆತನ ಅಣ್ಣ ಹಾಗೂ ಡ್ರಮ್ ವಾದಕ ರಾಬರ್ಟ್ ಸ್ವೀಟ್, ಗಿಟಾರ್ ವಾದಕ ಆಜ್ ಫಾಕ್ಸ್ ಮತ್ತು ಬೇಸ್ ಗಿಟಾರ್ ವಾದಕ ಟಿಮ್ ಗೇನ್ಸ್ ತಂಡದ ಪ್ರಸಿದ್ಧ ಚತುಷ್ಟಯ. ತಂಡದ ಹೆಸರು ಬೈಬಲ್‌ನ ಯೆಶಾಯನ ಗ್ರಂಥದ 53ನೆಯ ಅಧ್ಯಾಯದ 5ನೆಯ ವಚನಕ್ಕೆ ಸಂಬಂಧಿಸಿದ್ದು. 'ಸ್ಟ್ರೈಪ್' ಎಂಬ ಇಂಗ್ಲಿಷ್ ಪದಕ್ಕೆ ಬಟ್ಟೆಯ ಮೇಲಿನ ಪಟ್ಟೆ ಎಂಬ ಅರ್ಥವೂ ಚಾವಟಿಯ ಏಟಿನಿಂದ ಏಳುವ ಬಾಸುಂಡೆ ಎಂಬ ಅರ್ಥವೂ ಇದೆ. ತಂಡದವರು ತೊಡುತ್ತಿದ್ದ ಹಳದಿ ಮತ್ತು ಕಪ್ಪು ಪಟ್ಟೆಗಳ ಉಡುಪು ಈ ಎರಡು ಅರ್ಥಗಳನ್ನೂ ಒಟ್ಟಿಗೆ ಸೂಚಿಸುತ್ತಿತ್ತು. ಕಾರ್ಯಕ್ರಮಗಳಲ್ಲಿ ವೇದಿಕೆಯಿಂದ ಸಭಿಕರತ್ತ ಬೈಬಲ್ ಪ್ರತಿಗಳನ್ನು ಎಸೆಯುವುದು ತಂಡದ ರೂಢಿಯಾಗಿತ್ತು.

1980ರ ದಶಕದಲ್ಲಿ ತಂಡದ ಪ್ರಮುಖ ಧ್ವನಿಮುದ್ರಿಕೆಗಳು ಹೀಗಿವೆ: 'ದಿ ಯೆಲ್ಲೋ ಅಂಡ್ ಬ್ಲ್ಯಾಕ್ ಅಟ್ಯಾಕ್' (1984), 'ಸೋಲ್ಜರ್ಸ್ ಅಂಡರ್ ಕಮಾಂಡ್' (1985), 'ಟು ಹೆಲ್ ವಿತ್ ದ ಡೆವಿಲ್' (1986) ಮತ್ತು 'ಇನ್ ಗಾಡ್ ವಿ ಟ್ರಸ್ಟ್' (1988). ಇವುಗಳಲ್ಲಿ 'ಟು ಹೆಲ್ ವಿತ್ ದ ಡೆವಿಲ್' ಅಮೆರಿಕದಲ್ಲಿ 10 ಲಕ್ಷ ಪ್ರತಿಗಳಿಗೆ ನೀಡಲಾಗುವ ಪ್ಲಾಟಿನಂ ಮಾನ್ಯತೆಯನ್ನು ಪಡೆಯಿತು. ಅದರಲ್ಲಿನ 'ಆನೆಸ್ಟ್ಲಿ' ಎಂಬ ಮಂದಗತಿಯ ಗೀತೆ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೆಯ ಸ್ಥಾನಕ್ಕೆ ಏರಿತು. ವೀಕ್ಷಕರು ದೂರವಾಣಿಯ ಮೂಲಕ ತಮ್ಮ ಮೆಚ್ಚಿನ ಗೀತೆಯನ್ನು ಸೂಚಿಸುತ್ತಿದ್ದ ಎಂಟಿವಿಯ 'ಡಯಲ್ ಎಂಟಿವಿ' ಕಾರ್ಯಕ್ರಮದಲ್ಲಿ ತಂಡದ ಗೀತೆಗಳು ಮೊದಲ ಸ್ಥಾನ ಗಳಿಸಿದವು.

ಈ ಜನಪ್ರಿಯತೆಯ ಜೊತೆಯಲ್ಲಿಯೇ ವಿರೋಧವೂ ಬೆಳೆಯಿತು. ಉದ್ದ ಕೂದಲು, ಮುಖದ ಬಣ್ಣ, ಅಬ್ಬರದ ಗಿಟಾರ್ ಇವೆಲ್ಲ ಧರ್ಮಕ್ಕೆ ಒಗ್ಗುವುದಿಲ್ಲವೆಂದು ಸಂಪ್ರದಾಯನಿಷ್ಠ ಕ್ರೈಸ್ತರಲ್ಲಿ ಹಲವರು ಭಾವಿಸಿದರು. ಪ್ರಸಿದ್ಧ ದೂರದರ್ಶನ ಬೋಧಕ ಜಿಮ್ಮಿ ಸ್ವಾಗರ್ಟ್ ಕ್ರೈಸ್ತ ರಾಕ್ ಸಂಗೀತವನ್ನೇ ಖಂಡಿಸಿ 1987ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. ಇನ್ನೊಂದು ಕಡೆ, ಹೆವಿ ಮೆಟಲ್ ಸಂಗೀತದ ಅಭಿಮಾನಿಗಳಲ್ಲಿ ಹಲವರಿಗೆ ಹಾಡಿನೊಳಗಿನ ಧರ್ಮೋಪದೇಶ ಹಿಡಿಸಲಿಲ್ಲ. ಹೀಗೆ ತಂಡವು ಎರಡು ಬಗೆಯ ಆಕ್ಷೇಪಗಳ ನಡುವೆ ಹಾಡಬೇಕಾಯಿತು.

ಮೊದಲ ಸಂಕಲನ ಮತ್ತು ತಂಡದ ವಿಘಟನೆ

1990ರಲ್ಲಿ ಬಂದ 'ಅಗೇನ್‌ಸ್ಟ್ ದ ಲಾ' ಆಲ್ಬಮ್‌ನಲ್ಲಿ ತಂಡವು ಹಳದಿ-ಕಪ್ಪು ಉಡುಪನ್ನು ಕೈಬಿಟ್ಟಿತು. ಗೀತೆಗಳಲ್ಲಿ ಧರ್ಮದ ನೇರ ಉಲ್ಲೇಖವೂ ಇಲ್ಲವಾಯಿತು. 'ಅರ್ಥ್, ವಿಂಡ್ ಅಂಡ್ ಫೈರ್' ತಂಡದ 'ಶೈನಿಂಗ್ ಸ್ಟಾರ್' ಗೀತೆಯನ್ನೂ ಅದರಲ್ಲಿ ಹಾಡಲಾಗಿತ್ತು. ಈ ಬದಲಾವಣೆಯು ಹಳೆಯ ಕ್ರೈಸ್ತ ಅಭಿಮಾನಿಗಳಲ್ಲಿ ಅನೇಕರಿಗೆ ನಿರಾಶೆಯನ್ನು ಉಂಟುಮಾಡಿತು. ತಂಡದ ಧ್ವನಿಮುದ್ರಿಕೆಗಳನ್ನು ಹೊರತರುತ್ತಿದ್ದ ಎನಿಗ್ಮಾ ಸಂಸ್ಥೆಯೂ ಇದೇ ಅವಧಿಯಲ್ಲಿ ಕುಸಿಯಿತು.

1991ರಲ್ಲಿ ಹಾಲಿವುಡ್ ರೆಕಾರ್ಡ್ಸ್ 'ಕಾಂಟ್ ಸ್ಟಾಪ್ ದ ರಾಕ್' ಎಂಬ ಮೊದಲ ಸಂಕಲನವನ್ನು ಹೊರತಂದಿತು. ಅದರಲ್ಲಿಯೂ ಎರಡು ಹೊಸ ಗೀತೆಗಳಿದ್ದವು: ಒಂದು, ಸಂಕಲನದ ಹೆಸರನ್ನೇ ಹೊತ್ತ ಗೀತೆ; ಇನ್ನೊಂದು, 'ಬಿಲೀವ್'. 1992ರಲ್ಲಿ ಮೈಕೆಲ್ ಸ್ವೀಟ್ ತಂಡವನ್ನು ತೊರೆದರು. ಅನಂತರ ತಂಡ ಬಹುಕಾಲ ಬಾಳಲಿಲ್ಲ. ಹೀಗಾಗಿ, ರಾಕ್ ಸಂಗೀತವನ್ನು ತಡೆಯಲಾಗದು ಎಂಬ ಅರ್ಥದ ಹೆಸರಿನ ಆ ಸಂಕಲನವೇ ತಂಡದ ಮೊದಲ ಅವಧಿಯ ಕೊನೆಯ ಪ್ರಕಟಣೆಯಾಗಿ ಉಳಿಯಿತು.

2003ರ ಸಂಕಲನ

2000ರಲ್ಲಿ ಅಭಿಮಾನಿಗಳಿಗಾಗಿ ಏರ್ಪಾಡಾದ 'ಸ್ಟ್ರೈಪರ್ ಎಕ್ಸ್‌ಪೋ' ಕಾರ್ಯಕ್ರಮದಲ್ಲಿ ಸದಸ್ಯರು ಮತ್ತೆ ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡರು. ಮೂರು ವರ್ಷಗಳ ಬಳಿಕ '7' ಪ್ರಕಟವಾಯಿತು. ಮೊದಲ ಐದು ಮುದ್ರಿಕೆಗಳನ್ನೂ 1991ರ ಸಂಕಲನವನ್ನೂ ಲೆಕ್ಕಕ್ಕೆ ಹಿಡಿದರೆ ಇದು ಏಳನೆಯದಾಗುತ್ತದೆ. ಬೈಬಲ್ ಪರಂಪರೆಯಲ್ಲಿ ಏಳು ಎಂಬುದು ಪೂರ್ಣತೆಯನ್ನು ಸೂಚಿಸುವ ಸಂಖ್ಯೆ ಎಂಬುದನ್ನೂ ಇಲ್ಲಿ ನೆನೆಯಬಹುದು. 'ಸೋಲ್ಜರ್ಸ್ ಅಂಡರ್ ಕಮಾಂಡ್', 'ಟು ಹೆಲ್ ವಿತ್ ದ ಡೆವಿಲ್', 'ಕಾಲಿಂಗ್ ಆನ್ ಯೂ', 'ಫ್ರೀ', 'ಆನೆಸ್ಟ್ಲಿ', 'ಆಲ್ವೇಸ್ ದೇರ್ ಫಾರ್ ಯೂ' ಮುಂತಾದ ಪ್ರಸಿದ್ಧ ಗೀತೆಗಳು ಇದರಲ್ಲಿ ಸೇರಿವೆ.

ಕೇಳುಗರ ಅಭಿಪ್ರಾಯಗಳು

ಈ ಸಂಕಲನವನ್ನು ಕುರಿತ ಅಭಿಪ್ರಾಯಗಳನ್ನು ಅರಿಯಲು ಕೇಳುಗರನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ನೋಡುವುದು ಅನುಕೂಲ.

ಮೊದಲನೆಯ ವರ್ಗದವರು 1980ರ ದಶಕದಿಂದಲೇ ತಂಡವನ್ನು ಕೇಳುತ್ತ ಬಂದವರು. ಮೂಲ ಆಲ್ಬಮ್‌ಗಳೆಲ್ಲ ಇವರ ಬಳಿ ಇರುವುದರಿಂದ ಸಂಕಲನದಲ್ಲಿ ಇವರಿಗೆ ಹೊಸದಾಗಿ ದೊರೆಯುವುದು ಎರಡೇ ಗೀತೆಗಳು. ಹಳೆಯ ಹಾಡುಗಳಿಗೆ ಮತ್ತೊಮ್ಮೆ ಹಣ ತೆರಬೇಕೇ ಎಂಬ ಪ್ರಶ್ನೆ ಇಲ್ಲಿ ಸಹಜ. ಜನಪ್ರಿಯ ಗೀತೆಗಳ ಯಾವುದೇ ಸಂಕಲನಕ್ಕೂ ಎದುರಾಗುವ ಪ್ರಶ್ನೆ ಇದು. ಆದರೆ ಹನ್ನೆರಡು ವರ್ಷಗಳ ಅಂತರದ ಬಳಿಕ ಬಂದ ಹೊಸ ಗೀತೆಗಳು ಎಂಬ ಕಾರಣದಿಂದ ಆ ಎರಡಕ್ಕೆ ಬೇರೆಯೇ ಬೆಲೆಯಿತ್ತು. ತಂಡ ಮತ್ತೆ ಹಾಡಬಲ್ಲದೇ ಎಂಬ ಅಭಿಮಾನಿಗಳ ಸಂದೇಹಕ್ಕೆ ಅವು ಉತ್ತರವಾಗಿದ್ದವು.

ಎರಡನೆಯ ವರ್ಗದವರಿಗೆ ಗೀತೆಯ ಸಂದೇಶವೇ ಮುಖ್ಯ. 'ಟು ಹೆಲ್ ವಿತ್ ದ ಡೆವಿಲ್' ಎಂಬ ಹೆಸರು ಬೈಗುಳದಂತೆ ಕೇಳಿಸಿದರೂ ಸೈತಾನನ ಸ್ಥಾನ ನರಕವೇ ಎಂಬುದು ಅದರ ಅಭಿಪ್ರಾಯವೆಂದು ಇವರು ಸಮರ್ಥಿಸುತ್ತಾರೆ. ಇವರ ಆಕ್ಷೇಪವಿರುವುದು 1990ರ ಆಲ್ಬಮ್‌ನಿಂದ ಆಯ್ದ ಗೀತೆಗಳ ಬಗ್ಗೆ. ಧರ್ಮದ ಹೆಸರನ್ನೇ ಎತ್ತದ ಗೀತೆಯು ತಂಡದ ಶ್ರೇಷ್ಠ ಗೀತೆಗಳ ಸಾಲಿಗೆ ಸೇರಬಹುದೇ ಎಂಬುದು ಇವರ ವಾದದ ತಿರುಳು.

ಮೂರನೆಯ ವರ್ಗದವರು ಧರ್ಮದ ಪ್ರಶ್ನೆಯನ್ನು ಬದಿಗಿಟ್ಟು ಸಂಗೀತವನ್ನಷ್ಟೇ ಕೇಳುವವರು. ಮೈಕೆಲ್ ಸ್ವೀಟ್‌ರ ತಾರಸ್ಥಾಯಿಯ ಕಂಠ, ಎರಡು ಗಿಟಾರ್‌ಗಳು ಜೊತೆಗೂಡಿ ನುಡಿಸುವ ಸ್ವರಮೇಳ, ಒಟ್ಟಾಗಿ ಹಾಡುವ ಪಲ್ಲವಿಗಳು ಇವರ ಮೆಚ್ಚುಗೆಗೆ ಕಾರಣ. ಎರಡನೆಯ ವರ್ಗದವರು ಒಪ್ಪದ 'ಅಗೇನ್‌ಸ್ಟ್ ದ ಲಾ' ಆಲ್ಬಮ್‌ನ ಗಟ್ಟಿಯಾದ ವಾದನ ಇವರಲ್ಲಿ ಅನೇಕರಿಗೆ ಪ್ರಿಯ. ಒಂದು ಗೀತೆ ಸಂಕಲನದಲ್ಲಿ ಇರುವುದೇ ಒಬ್ಬರಿಗೆ ಗುಣವಾಗಿಯೂ ಇನ್ನೊಬ್ಬರಿಗೆ ದೋಷವಾಗಿಯೂ ತೋರುವುದು ಈ ಕಾರಣದಿಂದ.

'ಆನೆಸ್ಟ್ಲಿ' ಗೀತೆಯ ವಿಚಾರದಲ್ಲಿ ಈ ಭೇದ ಇನ್ನಷ್ಟು ಸ್ಪಷ್ಟವಾಗುತ್ತದೆ. ಅದರ ಮಾತುಗಳನ್ನು ದೇವರು ಮನುಷ್ಯನಿಗೆ ಕೊಡುವ ಭರವಸೆಯೆಂದೂ, ಸ್ನೇಹಿತ ಅಥವಾ ಪ್ರಿಯಕರ ಕೊಡುವ ಭರವಸೆಯೆಂದೂ ಗ್ರಹಿಸಲು ಸಾಧ್ಯವಿದೆ. ಸಾಮಾನ್ಯ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅದು ಮೇಲೇರಲು ಈ ದ್ವಂದ್ವಾರ್ಥವೂ ನೆರವಾಗಿರಬಹುದು. ಕ್ರೈಸ್ತ ಗೀತೆಯು ತನ್ನ ಶ್ರದ್ಧೆಯನ್ನು ಎಷ್ಟರಮಟ್ಟಿಗೆ ಬಾಯಿಬಿಟ್ಟು ಹೇಳಬೇಕು ಎಂಬ ಹಳೆಯ ಚರ್ಚೆಗೆ ಈ ಗೀತೆ ಒಳ್ಳೆಯ ನಿದರ್ಶನ.

ಪರಿಣಾಮ ಮತ್ತು ನಂತರದ ಬೆಳವಣಿಗೆ

ಸಂಕಲನದ ಬಿಡುಗಡೆಯ ವರ್ಷವೇ ತಂಡವು ಅಮೆರಿಕದಲ್ಲಿ ಪ್ರವಾಸ ಕೈಗೊಂಡಿತು. ಅದರ ಧ್ವನಿಮುದ್ರಣವು '7 ವೀಕ್ಸ್: ಲೈವ್ ಇನ್ ಅಮೆರಿಕ, 2003' ಎಂಬ ಹೆಸರಿನಲ್ಲಿ 2004ರಲ್ಲಿ ಹೊರಬಂದಿತು. 2005ರಲ್ಲಿ 'ರೀಬಾರ್ನ್' ಎಂಬ ಸಂಪೂರ್ಣ ಹೊಸ ಆಲ್ಬಮ್ ಪ್ರಕಟವಾಯಿತು. ಧರ್ಮದ ನೇರ ಉಲ್ಲೇಖ ಗೀತೆಗಳಿಗೆ ಮರಳಿತು. 1991ರ ಸಂಕಲನ ಒಂದು ಅವಧಿಯನ್ನು ಮುಗಿಸಿದರೆ, 2003ರ ಸಂಕಲನವು ಮತ್ತೊಂದು ಅವಧಿಯ ಆರಂಭದಲ್ಲಿ ನಿಂತಿದೆ.

2013ರಲ್ಲಿ ಬಂದ 'ಸೆಕೆಂಡ್ ಕಮಿಂಗ್' ಆಲ್ಬಮ್ ಇದೇ ಸಾಲಿಗೆ ಸೇರಿದರೂ ಅದರ ವಿಧಾನ ಬೇರೆ. ಅದಕ್ಕಾಗಿ ತಂಡವು ಮೊದಲ ಮೂರು ಮುದ್ರಿಕೆಗಳಿಂದ ಆಯ್ದ 14 ಗೀತೆಗಳನ್ನು ಹೊಸದಾಗಿ ಹಾಡಿ ಧ್ವನಿಮುದ್ರಿಸಿತು. ಎರಡು ಹೊಸ ಗೀತೆಗಳನ್ನೂ ಸೇರಿಸಿತು. 1990ರ ವಿವಾದಿತ ಆಲ್ಬಮ್‌ನ ಯಾವ ಗೀತೆಯೂ ಅದರಲ್ಲಿಲ್ಲ. '7'ರಲ್ಲಿರುವುದು ಯೌವನದ ಕಾಲದ ಮೂಲ ಮುದ್ರಣ. 'ಸೆಕೆಂಡ್ ಕಮಿಂಗ್'ನಲ್ಲಿರುವುದು ಅದೇ ಗಾಯಕ ನಡುವಯಸ್ಸಿನಲ್ಲಿ ಹಾಡಿದ ಮರುಮುದ್ರಣ. ಆದ್ದರಿಂದ ತಂಡದ ಸಂಗೀತವನ್ನು ಹೊಸದಾಗಿ ಕೇಳತೊಡಗುವವರಿಗೆ ಎರಡನ್ನೂ ಹೋಲಿಸಿ ನೋಡುವ ಅವಕಾಶವಿದೆ.